ಹಾಕ್ ಹಾರುವ ಗಡಿಯಲ್ಲಿ

ಉಮರ್ಗಾ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ತಾಲ್ಲೂಕು ಕೇಂದ್ರ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಹಾದು, ತಲಮೋಡ ದಾಟಿ ಕರ್ನಾಟಕಕ್ಕೆ ಇಳಿಯುತ್ತದೆ. ಅಂಗಡಿ ಬೋರ್ಡುಗಳೆಲ್ಲ ಮರಾಠಿ. ಕಿರಾಣಿ ಕಟ್ಟೆಯ ಮೇಲೆ ಕೂತವರ ಮಾತು ಮಾತ್ರ ಮರಾಠಿಯಲ್ಲಿ ಶುರುವಾಗಿ, ಬೆಲೆಗೆ ಬಂದಾಗ ಕನ್ನಡವಾಗಿ, ಬೈಗುಳಕ್ಕೆ ಬಂದಾಗ ದಖನಿ ಉರ್ದುವಾಗುತ್ತದೆ. ಇಲ್ಲಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ 90 ಕಿ.ಮೀ.ಗಿಂತ ತುಸು ಹೆಚ್ಚು ದೂರದಲ್ಲಿ ಬೀದರಿನ ವಾಯುಪಡೆ ನೆಲೆ. ಬಸ್ಸಿಗೆ ಅದು ಅರ್ಧ ದಿನದ ಪ್ರಯಾಣ. ಗಂಟೆಗೆ 700 ಕಿ.ಮೀ. ವೇಗದ ಹಾಕ್ ತರಬೇತಿ ಜೆಟ್‌ಗೆ ಎಂಟೇ ನಿಮಿಷ. ಬೀದರಿನಿಂದ ನಿಲಂಗಾಕ್ಕೆ ಏಳು, ಉದಗೀರಕ್ಕೆ ಆರು.

ನಾನು ಈ ಭಾಗ ಸುತ್ತಲು ಹೊರಟದ್ದು ಒಂದು ಅಪಘಾತದಿಂದ ಈ ಲೆಕ್ಕ ತಲೆಗೆ ಹೊಕ್ಕ ಮೇಲೆ. 2019ರ ಫೆಬ್ರುವರಿ 19ರಂದು ಬೆಂಗಳೂರಿನ ಯಲಹಂಕದ ಮೇಲೆ ವಾಯುಪಡೆಯ ಎರಡು ಹಾಕ್ ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾದವು. ಮರುದಿನ ಆರಂಭವಾಗಬೇಕಿದ್ದ ಏರೋ ಇಂಡಿಯಾ ಪ್ರದರ್ಶನಕ್ಕೆ ತಾಲೀಮು ನಡೆದಿತ್ತು. ಮಧ್ಯಾಹ್ನದ ಹನ್ನೆರಡು ಗಂಟೆಗೆ ಇನ್ನೇನು ಹತ್ತು ನಿಮಿಷ. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಇನ್ನೊಂದು ವಿಮಾನದಲ್ಲಿದ್ದ ವಿಂಗ್ ಕಮಾಂಡರ್ ವಿಜಯ್ ಶೆಲ್ಕೆ ಮತ್ತು ಸ್ಕ್ವಾಡ್ರನ್ ಲೀಡರ್ ತೇಜೇಶ್ವರ್ ಸಿಂಗ್ ಪ್ಯಾರಾಚೂಟಿನಲ್ಲಿ ಹೊರಬಿದ್ದು ಉಳಿದರು. ಎರಡೂ ವಿಮಾನಗಳು ವಾಯುಪಡೆಯ ಕಸರತ್ತಿನ ತಂಡವಾದ ಸೂರ್ಯಕಿರಣದವು. ಆ ತಂಡದ ಮನೆ ಬೀದರ್. ಬೆಂಗಳೂರಿನವರು ಎರಡು ವರ್ಷಕ್ಕೊಮ್ಮೆ ಕತ್ತೆತ್ತಿ ನೋಡುವುದನ್ನು ಈ ಗಡಿಯ ಜನ ದಿನ ಬೆಳಗಾದರೆ ಕೇಳುತ್ತಾರೆ.

ಉಮರ್ಗಾದಿಂದ ಕಾಸಾರ ಸಿರ್ಸಿಯ ಕಡೆ ಹೊರಟರೆ ಎರಡೂ ಬದಿ ಎರೆಮಣ್ಣು. ಸೋಯಾ ಕಿತ್ತು ಹೋದ ಹೊಲಗಳಲ್ಲಿ ಕಡಲೆ ಎದ್ದಿತ್ತು, ಹಿಂಗಾರಿ ಜೋಳ ಮೊಣಕಾಲ ಮಟ್ಟ ಬಂದಿತ್ತು, ತೊಗರಿ ಕಾಯಿ ಕಟ್ಟುತ್ತಿತ್ತು. ದಾರಿಯ ಬಸ್ ಸ್ಟಾಪಿನ ಪಕ್ಕದ ಚಹಾದಂಗಡಿಯಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ಬಶಿಗೆ ಚಹಾ ಸುರುವಿಕೊಂಡು ಕೂತಿದ್ದರು. "ಕಾಕಾ, ಇಲ್ಲಿ ಮ್ಯಾಲ ಇಮಾನ ಹಾರ್ತಾವೇನ್ರಿ?" ಎಂದೆ.

"ಹಾರ್ತಾವ್ರಿ. ಬೀದರಿಂದ ಬರ್ತಾವ. ಸಣ್ಣವು, ಜೋಡಿ ಜೋಡಿ. ಐತ್ವಾರ ಅವಕೂ ಸೂಟಿ."

ಹೆದರಿಕೆ ಆಗುವುದಿಲ್ಲವೇ ಎಂದದ್ದಕ್ಕೆ ಅವರು ಬೆರಳನ್ನು ಮೇಲಕ್ಕಲ್ಲ, ಕೆಳಕ್ಕೆ ತೋರಿಸಿದರು. "ನಮಗ ಹೆದರಿಕಿ ಇದರದ್ರಿ."

ಉಮರ್ಗಾದಿಂದ ಲಾತೂರಿನ ದಾರಿ ಹಿಡಿದರೆ ಸಿಗುವ ಊರು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ, ಗಣಪತಿ ಕಳಿಸಿ ಬಂದು ಮಲಗಿದ ಜನರ ಮೇಲೆ ಭೂಕಂಪಕ್ಕೆ ಕಲ್ಲು ಮಣ್ಣಿನ ಗೋಡೆಗಳು ಬಿದ್ದವು. ಉಮರ್ಗಾ, ಔಸಾ ತಾಲ್ಲೂಕುಗಳ ಹಳ್ಳಿಗಳೇ ಹೆಚ್ಚು ನಾಶವಾದವು. ಸತ್ತವರು ಸುಮಾರು 10,000. ಕಿಟಕಿಯ ಗಾಜು ಗಡಗಡ ಎಂದರೆ ಈ ಊರುಗಳ ಹಿರಿಯರು ಇಂದಿಗೂ ಮೊದಲು ಅಂಗಳಕ್ಕೆ ಬರುತ್ತಾರೆ, ಆಮೇಲೆ ಮೇಲೆ ನೋಡುತ್ತಾರೆ. ಜೆಟ್ ಎಂದು ಗೊತ್ತಾದರೆ ಒಳಗೆ ಹೋಗುತ್ತಾರೆ.

ನಿಲಂಗಾದಲ್ಲಿ ಹಳೆಯ ನೀಲಕಂಠೇಶ್ವರ ದೇವಸ್ಥಾನ ನೋಡುವಂಥದ್ದು. ನನ್ನ ತಲೆಯಲ್ಲಿದ್ದುದು ಬೇರೆ. ನಿಲಂಗಾ, ಉದಗೀರ, ಅಹಮದಪುರ ಈ ಮೂರೂ 1956ರ ತನಕ ಬೀದರ ಜಿಲ್ಲೆಯ ತಾಲ್ಲೂಕುಗಳು. ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಇವು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ್ ಮೈಸೂರಿಗೆ ಬಂತು. ಕಂದಾಯದ ಕಡತ ಬೇರೆಯಾಯಿತು, ಶಾಲೆಯ ಭಾಷೆ ಬೇರೆಯಾಯಿತು, ಬೀಗತನ ಮಾತ್ರ ಹಾಗೇ ಇದೆ. ಬೀದರಿನಿಂದ ಏರಿದ ವಿಮಾನಕ್ಕೂ ಇದು ಇಂದಿಗೂ ಹಳೆಯ ಬೀದರ ಜಿಲ್ಲೆಯೇ. ಹುಡುಗ ಪೈಲಟ್ ತಿರುವು ತೆಗೆದುಕೊಳ್ಳುವಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ.

ಭಾಲ್ಕಿಯ ಮೇಲೆ ಹಾದು ಬೀದರ್ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ ಇದು. ಊರ ನಡುವಿನ ಚೌಬಾರಾ ಗೋಪುರವನ್ನು ಸುತ್ತಲ ಬಯಲಲ್ಲಿ ವೈರಿ ಬರುವುದನ್ನು ದೂರದಿಂದಲೇ ಕಾಣಲೆಂದು ಕಟ್ಟಿದರು. ಮೋಡ ಕಡಿಮೆ, ಬಯಲು ವಿಶಾಲ, ಊರುಗಳು ದೂರ ದೂರ. ಹಾರಾಟ ಕಲಿಸಲು ಇಂಥ ಜಾಗವನ್ನೇ ಹುಡುಕುತ್ತಾರೆ. 1960ರ ದಶಕದಿಂದ ವಾಯುಪಡೆ ಇಲ್ಲಿ ಕಲಿಸುತ್ತಿದೆ. ಊರಿನವರ ಬಾಯಲ್ಲಿ ಆ ಇಡೀ ಪ್ರದೇಶಕ್ಕೆ ಒಂದೇ ಹೆಸರು, 'ಏರ್‌ಫೋರ್ಸ್'. ಆಟೊದವನಿಗೆ ಅಷ್ಟು ಹೇಳಿದರೆ ಸಾಕು, ಚಿದ್ರಿಯ ಕಡೆ ತಿರುಗಿಸುತ್ತಾನೆ.

ಗೇಟಿನ ಹತ್ತಿರ ನಿಲ್ಲಲು ಬಿಡುವುದಿಲ್ಲ, ಫೋಟೊ ತೆಗೆಯಲಂತೂ ಇಲ್ಲ. 2020ರ ಫೆಬ್ರುವರಿಯಲ್ಲಿ ಇದೇ ರನ್‌ವೇ ಬಳಸಿ ನಾಗರಿಕ ವಿಮಾನ ನಿಲ್ದಾಣ ತೆರೆದ ಮೇಲೆ ಬೀದರಿನವರು ಬೆಂಗಳೂರಿಗೆ ಹಾರುವಂತಾಯಿತು, ಆದರೆ ನೆಲೆ ವಾಯುಪಡೆಯದೇ. ನಾನು ಕಾಂಪೌಂಡಿನಿಂದ ಸಾಕಷ್ಟು ದೂರ, ಒಂದು ಬೇವಿನ ಮರದ ಕೆಳಗೆ ಆಟೊ ನಿಲ್ಲಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಎರಡು ಹಾಕ್ ಇಳಿಯಲು ಬಂದವು. ಚಕ್ರ ಬಿಟ್ಟುಕೊಂಡು ತಗ್ಗಿನಲ್ಲಿ ಹೋಗುವಾಗ ಒಂದರ ಹಿಂದೆ ಒಂದು ಕೂತ ಎರಡು ಹೆಲ್ಮೆಟ್‌ಗಳು ಕಂಡವು. ಮುಂದಿನದು ಶಿಷ್ಯನದು, ಹಿಂದಿನದು ಗುರುವಿನದು. ಹಿಂದಿನ ಸೀಟು ಎತ್ತರ, ಶಿಷ್ಯನ ತಲೆಯ ಮೇಲಿಂದ ಗುರುವಿಗೆ ದಾರಿ ಕಾಣಬೇಕಲ್ಲ. ಪ್ರದರ್ಶನದಲ್ಲಿ ನಿಂತ ಹಾಕ್ ಹತ್ತಿರದಿಂದ ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಮೇಲಿನ ಗಾಜಿನ ಮುಚ್ಚಳದಲ್ಲಿ ಅಂಕುಡೊಂಕಾದ ಒಂದು ಗೆರೆ ಇರುತ್ತದೆ. ಮಕ್ಕಳು ಗಾಜು ಬಿರುಕು ಬಿಟ್ಟಿದೆ ಎನ್ನುತ್ತಾರೆ. ಅದು ಸಿಡಿಮದ್ದು ತುಂಬಿದ ಸಣ್ಣ ಎಳೆ. ಪೈಲಟ್ ಸೀಟಿನ ಹಿಡಿಕೆ ಎಳೆದಾಗ ಮೊದಲು ಅದು ಸಿಡಿದು ಗಾಜು ಪುಡಿಯಾಗುತ್ತದೆ, ಆಮೇಲೆ ಸೀಟಿನ ಕೆಳಗಿನ ರಾಕೆಟ್ ಮನುಷ್ಯನನ್ನು ಸೀಟಿನ ಸಮೇತ ಹೊರಗೆ ಎಸೆಯುತ್ತದೆ. ವಿಮಾನ ನೆಲದ ಮೇಲೆ ನಿಂತಿದ್ದರೂ ಈ ಸೀಟು ಕೆಲಸ ಮಾಡುತ್ತದೆ. ಶೆಲ್ಕೆ ಮತ್ತು ತೇಜೇಶ್ವರ್ ಉಳಿದದ್ದು ಇಂಥ ಸೀಟಿನಿಂದ.

ಹಾಕ್ ಬೀದರಿಗೆ ಬಂದ ಕಥೆಯೂ ಸಾವುಗಳ ಕಥೆಯೇ. ನಿಧಾನದ ಕಿರಣ್ ವಿಮಾನದಲ್ಲಿ ಕಲಿತ ಹುಡುಗರು ನೇರವಾಗಿ ಮಿಗ್-21 ಹತ್ತುತ್ತಿದ್ದ ಕಾಲವೊಂದಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಕೊಳ್ಳಿ ಎಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಬ್ರಿಟನ್ನಿನ ಹಾಕ್‌ಗೆ ಸಹಿ ಬಿದ್ದದ್ದು 2004ರಲ್ಲಿ, 66 ವಿಮಾನಗಳಿಗೆ. ಬೀದರಿನಲ್ಲಿ ಅವು ಸೇವೆಗೆ ಸೇರಿದ್ದು 2008ರಲ್ಲಿ. ಇಪ್ಪತ್ತೆರಡು ವರ್ಷ ಫೈಲು ಓಡಾಡಿತು. ಅಷ್ಟರಲ್ಲಿ ಎಷ್ಟು ಮನೆಗಳಿಗೆ ತಂತಿ ಹೋಯಿತು ಎಂಬುದನ್ನು ನೆನೆದರೆ, ಶಾಂತಿಕಾಲದಲ್ಲಿ ಪೈಲಟ್‌ಗಳನ್ನು ಕೊಂದವರ ಪಟ್ಟಿಯಲ್ಲಿ ಕಡತಕ್ಕೂ ಒಂದು ಜಾಗ ಕೊಡಬೇಕೆನಿಸುತ್ತದೆ.

ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ಇದೇ ಬೀದರಿನಲ್ಲಿ, ಎಚ್‌ಎಎಲ್ ಕಟ್ಟಿದ ಕಿರಣ್ ಮಾರ್ಕ್-2 ವಿಮಾನಗಳೊಡನೆ. 2011ರಲ್ಲಿ ತರಬೇತಿಗೇ ವಿಮಾನ ಸಾಲದು ಎಂದು ತಂಡವನ್ನು ನಿಲ್ಲಿಸಿ, ಕೆಲ ವರ್ಷಗಳ ಮೇಲೆ ಹಾಕ್‌ಗಳೊಂದಿಗೆ ಮತ್ತೆ ಕಟ್ಟಿದರು. ಒಂಬತ್ತು ವಿಮಾನ ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುತ್ತವೆ, ನಡುವಿನ ಅಂತರ ಸುಮಾರು 5 ಮೀಟರ್. ಗಂಟೆಗೆ 700 ಕಿ.ಮೀ. ಓಡುವಾಗ ಅದು ಹೇಗೆ ಸಾಧ್ಯ ಎಂದು ಎಲ್ಲರೂ ಕೇಳುತ್ತಾರೆ. ಒಟ್ಟಿಗೆ ಒಂದೇ ದಿಕ್ಕಿಗೆ ಓಡುವಾಗ ಆ 700 ಮುಖ್ಯವೇ ಅಲ್ಲ, ಇಬ್ಬರ ನಡುವಿನ ವ್ಯತ್ಯಾಸ ಮುಖ್ಯ. ಆ ವ್ಯತ್ಯಾಸ ಗಂಟೆಗೆ ಮೂರೂವರೆ ಕಿ.ಮೀ. ಆದರೆ, ಅಂದರೆ ಮುದುಕರು ಸಂಜೆ ಅಡ್ಡಾಡುವ ವೇಗ ಬಂದರೆ, ಐದು ಸೆಕೆಂಡಿನಲ್ಲಿ ಐದು ಮೀಟರ್ ಖಾಲಿ. ಅದಕ್ಕೇ ಪಕ್ಕದ ವಿಮಾನದವನು ನೆಲ ನೋಡುವುದಿಲ್ಲ, ಆಕಾಶ ನೋಡುವುದಿಲ್ಲ, ನಾಯಕನ ವಿಮಾನವನ್ನು ಮಾತ್ರ ನೋಡುತ್ತಾನೆ. ಅದರ ಮೈಮೇಲಿನ ಎರಡು ಗುರುತು ಒಂದೇ ಗೆರೆಯಲ್ಲಿ ಕಂಡರೆ ತಾನು ಸರಿಯಾದ ಜಾಗದಲ್ಲಿದ್ದೇನೆ ಎಂದರ್ಥ. ನಾಯಕ ತಲೆಕೆಳಗಾದರೆ ಅವನೂ ತಲೆಕೆಳಗು. ಮೊದಲು ಇಬ್ಬರು, ಆಮೇಲೆ ಮೂವರು, ಹೀಗೆ ಒಂಬತ್ತಕ್ಕೆ ಏರಲು ತಿಂಗಳುಗಟ್ಟಲೆ ಬೇಕು. ತಂಡಕ್ಕೆ ಆಯ್ಕೆಯಾಗುವವರು ಬೇರೆಯವರಿಗೆ ಹಾರಾಟ ಕಲಿಸುವ ಅರ್ಹತೆ ಪಡೆದ ಮೇಷ್ಟ್ರುಗಳು. ಮೇಷ್ಟ್ರೇ ಮತ್ತೆ ಒಂದನೇ ಇಯತ್ತೆಯಿಂದ ಕೂರಬೇಕು.

ಎದುರುಬದುರು ಬಂದು ಪಕ್ಕದಲ್ಲೇ ಹಾದುಹೋಗುವ ಕಸರತ್ತು ಬೇರೆ ತರಹ. ಅಲ್ಲಿ ಎರಡೂ ವೇಗ ಕೂಡುತ್ತವೆ. ಗಂಟೆಗೆ 700ರಂತೆ ಇಬ್ಬರು ಎದುರು ಬಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 390 ಮೀಟರ್. ಕಣ್ಣು ಕಂಡು, ಮಿದುಳು ತಿಳಿದು, ಕೈ ಅಲುಗುವಷ್ಟರಲ್ಲಿ ಮುಗಿದಿರುತ್ತದೆ.

ತಂಡದ ತಾಲೀಮಿನಲ್ಲಿ ಬೀದರಿನ ಸುತ್ತಲ ನೆಲವೂ ಸಾವು ಕಂಡಿದೆ. 2006ರ ಮಾರ್ಚ್ 18ರಂದು ವಿಂಗ್ ಕಮಾಂಡರ್ ಧೀರಜ್ ಭಾಟಿಯಾ, ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ಇಲ್ಲಿ ಹತರಾದರು. 2009ರ ಜನವರಿ 21ರಂದು ವಿಂಗ್ ಕಮಾಂಡರ್ ಆರ್.ಎಸ್. ಧಾಲಿವಾಲ್. ಮೂವರೂ ಸೂರ್ಯಕಿರಣದವರು. ಡಿಕ್ಕಿಗಳಲ್ಲ ಅವು, ಒಂಟಿ ವಿಮಾನ ನೆಲಕ್ಕೆ ಬಿದ್ದದ್ದು. ದೇಶದ ಪತ್ರಿಕೆಗಳಲ್ಲಿ ಎರಡು ದಿನದ ಸುದ್ದಿ. ಯಲಹಂಕದ್ದಾದರೆ ಹೊಗೆ ಏಳುವ ಮೊದಲೇ ನೂರು ಮೊಬೈಲಿನಲ್ಲಿತ್ತು.

ಯಲಹಂಕದ ನೆಲೆ ಎರಡನೇ ಮಹಾಯುದ್ಧದ ಕಾಲದ್ದು. ಆಗ ಅದು ಊರಾಚೆ. ಏರೋ ಇಂಡಿಯಾ 1996ರಲ್ಲಿ ಶುರುವಾದಾಗಲೂ ಬಳ್ಳಾರಿ ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟಗಳಿದ್ದವು. ಆಮೇಲೆ ಊರು ನೆಲೆಯ ಗೋಡೆಗೆ ಬಂದು ಆತುಕೊಂಡಿತು. 2019ರಲ್ಲಿ ಅವಶೇಷ ಬಿದ್ದದ್ದು ಇಸ್ರೋ ಬಡಾವಣೆಯ ಬಳಿ. ನೆಲದ ಮೇಲಿದ್ದ ಒಬ್ಬರಿಗೆ ಗಾಯವಾಯಿತು. ಜನ ತುಂಬಿದ ಊರಿನಲ್ಲಿ ಅಷ್ಟರಲ್ಲೇ ಮುಗಿದದ್ದು ಯಾರ ಜಾಣತನವೂ ಅಲ್ಲ. ಅದೇ ತಿಂಗಳ 1ರಂದು ಎಚ್‌ಎಎಲ್ ನಿಲ್ದಾಣದಲ್ಲಿ ಮಿರಾಜ್ ವಿಮಾನ ಉರುಳಿ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ತೀರಿಕೊಂಡಿದ್ದರು. ಹದಿನೆಂಟು ದಿನದ ಅಂತರದಲ್ಲಿ ಒಂದೇ ಊರು ಎರಡು ಸಲ ಅದೇ ಕಪ್ಪು ಹೊಗೆ ನೋಡಿತು. ಏರೋ ಇಂಡಿಯಾ ಮರುದಿನ ಶುರುವಾಯಿತು.

ಬೇವಿನ ಮರದ ಕೆಳಗೆ ನಿಂತಾಗ ನನಗನ್ನಿಸಿದ್ದು ಇದು. ಕಲಿಯುವುದು ಹೊಲದ ಮೇಲೆ, ತೋರಿಸುವುದು ಊರಿನ ಮೇಲೆ. ತಪ್ಪುವ ಸಂಭವ ಎರಡೂ ಕಡೆ ಇದ್ದೇ ಇದೆ. ಹಾಗಿದ್ದ ಮೇಲೆ ಎದುರುಬದುರಿನ ಕಸರತ್ತನ್ನೂ ಅದರ ತಾಲೀಮನ್ನೂ ಈ ಬಯಲಿಗೇ ಬಿಟ್ಟು, ನಗರದ ಮೇಲೆ ಸೌಮ್ಯವಾದ ಹಾರಾಟ ಇಟ್ಟುಕೊಂಡರೆ ಆಗದೇ? ಬೇರೆ ದೇಶಗಳು ಪೆಟ್ಟು ತಿಂದು ಕಲಿತಿವೆ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್ ನೆಲೆಯಲ್ಲಿ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿಯಾಗಿ, ಒಂದು ಉರಿಯುತ್ತ ಪ್ರೇಕ್ಷಕರ ನಡುವೆಯೇ ಬಿತ್ತು. ಪೈಲಟ್‌ಗಳು ಮೂವರು, ನೋಡಲು ಬಂದವರು 67 ಜನ ಸತ್ತರು. ಜನರಿಂದ ಎಷ್ಟು ದೂರ, ಯಾವ ದಿಕ್ಕಿಗೆ ಹಾರಬೇಕು ಎಂಬ ಯುರೋಪಿನ ನಿಯಮಗಳು ಬಿಗಿಯಾದದ್ದು ಅದರ ನಂತರ. ಜಪಾನಿನಲ್ಲಿ 1971ರ ಜುಲೈ 30ರಂದು ತರಬೇತಿಯಲ್ಲಿದ್ದ ಯುದ್ಧವಿಮಾನವೊಂದು ಪ್ರಯಾಣಿಕರ ವಿಮಾನಕ್ಕೆ ತಾಗಿ 162 ಜನ ಸತ್ತ ಮೇಲೆ, ಕಲಿಯುವವರ ಆಕಾಶ ಮತ್ತು ಪ್ರಯಾಣಿಕರ ಆಕಾಶ ಎಂದು ಬೇಲಿ ಹಾಕಿದರು.

ಬೀದರಿನಲ್ಲಿ ಇಂಥದೊಂದು ಹಳೆಯ ಪಾಠ ಕಲ್ಲಿನಲ್ಲೇ ಇದೆ. ಮಹಮೂದ್ ಗಾವಾನನ ಮದರಸಾ 1472ರ ಕಟ್ಟಡ. ನೀಲಿ ಹೆಂಚಿನ ಮಿನಾರು ಒಂದೇ ಉಳಿದಿದೆ, ಮುಂಭಾಗದ ಅರ್ಧ ಇಲ್ಲ. 17ನೇ ಶತಮಾನದ ಕೊನೆಯಲ್ಲಿ ಮೊಗಲರ ಸೈನ್ಯ ಈ ವಿದ್ಯಾಲಯದಲ್ಲಿ ಬಿಡಾರ ಹೂಡಿ ಮದ್ದು ತುಂಬಿಟ್ಟಿತ್ತು, ಅದು ಸಿಡಿಯಿತು. ಆಗ ಯಾವ ಶತ್ರುವೂ ಊರ ಬಾಗಿಲಲ್ಲಿರಲಿಲ್ಲ.

ಕಸರತ್ತು ಬಯಲಿನ ಮೇಲಿರಲಿ ಎಂಬ ನನ್ನ ವಾದವನ್ನು ಒಪ್ಪದವರು ಸಿಕ್ಕಿದ್ದು ಕಮಲನಗರದಲ್ಲಿ. ಬೀದರಿನಿಂದ ಭಾಲ್ಕಿ ಮೇಲೆ ಉದಗೀರಕ್ಕೆ ಹೋಗುವ ರೈಲಿನಲ್ಲಿ ಕರ್ನಾಟಕದ ಕೊನೆಯ ದೊಡ್ಡ ನಿಲ್ದಾಣ ಇದು. ಹಳಿಯಾಚೆ ತೊಗರಿ ಹೊಲ, ಬದುವಿನ ಮೇಲೆ ದೇವಣಿ ಹೋರಿಗಳೆರಡು ಕಟ್ಟಿದ್ದವು. ಈ ತಳಿಯ ಹೆಸರೇ ಪಕ್ಕದ ದೇವಣಿ ಊರಿನದು. ಮೇಲೆ ಜೆಟ್ ಹೋದರೂ ಅವು ಮೆಲುಕು ನಿಲ್ಲಿಸಲಿಲ್ಲ. ಸದೆ ತೆಗೆಯುತ್ತಿದ್ದ ಹೆಂಗಸರು ನೀರು ಕುಡಿಯಲು ಬಂದಾಗ ಮಾತಿಗೆ ಮಾತು ಬೆಳೆಯಿತು. ಊರ ಮೇಲೆ ಹಾರುವುದಕ್ಕಿಂತ ಖಾಲಿ ಹೊಲದ ಮೇಲೆ ಹಾರುವುದು ಒಳ್ಳೆಯದಲ್ಲವೇ ಎಂದೆ. ಅವರಲ್ಲಿ ಹಿರಿಯಾಕೆ ಸೆರಗಿನಿಂದ ಬೆವರು ಒರೆಸಿಕೊಂಡು, "ಹೊಲ ಖಾಲಿ ಅದ ಅಂತ ಯಾರ್ ಹೇಳ್ಯಾರ್ರಿ ಅಣ್ಣಾ? ನಾವ್ ಎಂಟ್ ಮಂದಿ ಇಲ್ಲೇ ಇದ್ದೇವಲ್ಲ" ಎಂದಳು. ಉಳಿದವರು ನಕ್ಕರು. ನಾನು ಇಡೀ ದಾರಿ ನಕಾಶೆ ನೋಡುವವನ ಹಾಗೆ ನೋಡುತ್ತ ಬಂದಿದ್ದೆ, ಆಕೆ ಹೊಲದೊಳಗೆ ನಿಂತು ಮಾತಾಡಿದಳು. ಜನ ವಿರಳ ಎನ್ನಬಹುದು, ಇಲ್ಲ ಎನ್ನಲಾಗದು. ನಗರದ ಮೇಲೆ ಬೇಡ ಎನ್ನುವ ನನ್ನ ಮಾತು ಈಗಲೂ ಅದೇ. ಆದರೆ ಹೊಲದ ಮೇಲೆ ಹಾರುವುದಾದರೆ ಹೊಲದವರಿಗೂ ಒಂದಿಷ್ಟು ತಿಳಿವಳಿಕೆ ಸಲ್ಲಬೇಕು.

ಇದನ್ನೇ ಉದಗೀರಕ್ಕೆ ಹೋಗುವ ರೈಲಿನಲ್ಲಿ ಪಕ್ಕದಲ್ಲಿ ಕೂತ ಶಾಲಾ ಮಾಸ್ತರರೊಬ್ಬರು ಕೇಳಿದರು. "ಬಿದ್ರ ಏನ್ ಮಾಡಬೇಕ್ರಿ ಸರ? ಹುಡುಗ್ರು ಮೊದ್ಲ ಮೊಬೈಲ್ ತಗೊಂಡ ಓಡ್ತಾವ."

ನನಗೆ ಗೊತ್ತಿದ್ದಷ್ಟು ಹೇಳಿದೆ. ಪ್ಯಾರಾಚೂಟಿನಿಂದ ಇಳಿದವನನ್ನು ಎತ್ತಿ ಕೂರಿಸಬಾರದು, ಎಳೆಯಬಾರದು, ನಡೆಸಬಾರದು. ರಾಕೆಟ್ ಸೀಟು ಎಸೆಯುವ ಹೊಡೆತಕ್ಕೆ ಬೆನ್ನುಮೂಳೆ ಮುರಿದಿರುವ ಸಂಭವ ಹೆಚ್ಚು. ಮಲಗಿದ ಹಾಗೆಯೇ ಬಿಟ್ಟು ನೆರಳು ಮಾಡಬೇಕು. ಬಿದ್ದ ಸೀಟು, ಹಿಡಿಕೆ ಯಾವುದನ್ನೂ ಮುಟ್ಟಬಾರದು, ಸಿಡಿಯದೆ ಉಳಿದ ಮದ್ದು ಒಳಗಿರಬಹುದು. ಉರಿಯುವ ವಿಮಾನದ ಹೊಗೆ ಸೌದೆಯ ಹೊಗೆಯಲ್ಲ, ಗಾಳಿ ಬೀಸುವ ಕಡೆಯಿಂದ ಬಂದು ದೂರದಲ್ಲೇ ನಿಲ್ಲಬೇಕು. ತುಂಡು ಆರಿಸಿ ಮನೆಗೆ ಒಯ್ಯಬಾರದು, ಏಕೆ ಬಿತ್ತು ಎಂದು ಹುಡುಕುವವರಿಗೆ ಅದೇ ಸಾಕ್ಷಿ. 2023ರ ಜೂನ್ 1ರಂದು ಚಾಮರಾಜನಗರದ ಭೋಗಾಪುರದ ಹತ್ತಿರ ಕಿರಣ್ ತರಬೇತಿ ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ಇಳಿದಾಗ ಸುತ್ತ ನೆರೆದದ್ದು ಊರಿನವರೇ. ಮೊದಲು ಮುಟ್ಟುವವರು ಯಾವಾಗಲೂ ಹೊಲದವರು.

ಮಾಸ್ತರರು ಮೊರೆನಾದ ಸುದ್ದಿ ನೆನಪಿಸಿಕೊಂಡರು. 2023ರ ಜನವರಿ 28ರಂದು ಗ್ವಾಲಿಯರಿನಿಂದ ತರಬೇತಿಗೆ ಏರಿದ ಸುಖೋಯ್-30 ಮತ್ತು ಮಿರಾಜ್-2000 ಗಾಳಿಯಲ್ಲಿ ಡಿಕ್ಕಿಯಾದವು. ಸುಖೋಯ್‌ನ ಇಬ್ಬರು ಉಳಿದರು. ಮಿರಾಜ್‌ನಲ್ಲಿ ಒಬ್ಬರೇ ಇದ್ದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಉಳಿಯಲಿಲ್ಲ. ಬೆಳಗಾವಿಯ ಗಣೇಶಪುರದವರು. ಮರುದಿನ ಪಾರ್ಥಿವ ಶರೀರ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಾಗ ಊರಿಗೆ ಊರೇ ಸೇರಿತ್ತು. ಯುದ್ಧವಿಮಾನಗಳ ಕಾದಾಟದ ಅಭ್ಯಾಸದಲ್ಲಿ ಪ್ರತಿ ವಿಮಾನದ ಸುತ್ತ ಯಾರೂ ಹೊಗಬಾರದ ಒಂದು ಕಲ್ಪಿತ ಗುಳ್ಳೆ ಇಟ್ಟುಕೊಂಡಿರುತ್ತಾರೆ. ಆದರೆ ಕಾದಾಟವೆಂದರೆ ಒಬ್ಬರ ಬೆನ್ನು ಇನ್ನೊಬ್ಬರು ಹಿಡಿಯುವುದು, ಎದುರಾಳಿ ತನ್ನ ವಿಮಾನದ ಹೊಟ್ಟೆಯ ಕೆಳಗೆ ಮರೆಯಾದ ಗಳಿಗೆಯಲ್ಲಿ ಆ ಗುಳ್ಳೆ ಎಲ್ಲಿದೆ ಎಂದು ಯಾರಿಗೂ ಕಾಣುವುದಿಲ್ಲ.

ಮಾಸ್ತರರಿಗೆ ಬೇಕಿದ್ದುದು ಬೇರೆ ಸಂಗತಿ. ಆ ಡಿಕ್ಕಿಯ ಅವಶೇಷ ಒಂದಷ್ಟು ಮಧ್ಯಪ್ರದೇಶದ ಮೊರೆನಾದಲ್ಲಿ ಬಿದ್ದಿತ್ತು, ಒಂದಷ್ಟು ರಾಜಸ್ಥಾನದ ಭರತಪುರದಲ್ಲಿ. ಮೊದಲ ಕೆಲವು ಗಂಟೆ ಭರತಪುರದ್ದು ಬೇರೆಯೇ ಅಪಘಾತ ಎಂದು ಟೀವಿಯಲ್ಲಿ ಬಂತು. "ಇಲ್ಲಿ ಹಂಗೇ ಆಗ್ತದ್ರಿ. ಅರ್ಧ ಕಮಲನಗರದಾಗ, ಅರ್ಧ ದೇವಣ್ಯಾಗ ಬಿದ್ರ 112ಕ್ಕ ಹಚ್ಚಿದ್ರ ಯಾರ್ ಎತ್ತತಾರ, ಬೀದರದವ್ರೋ ಲಾತೂರದವ್ರೋ? ನಮ್ಮ ಮನಿ ಗಚ್ಚಿ ಮ್ಯಾಲ ನಿಂತ್ರ ಕರ್ನಾಟಕದ ಟಾವರ, ಕೆಳಗ ಇಳಿದ್ರ ಮಹಾರಾಷ್ಟ್ರದ್ದು."

ಉದಗೀರ ಬಂತು. ಮಾಸ್ತರರು ಇಳಿಯುವ ಮೊದಲು ಬೀದರ ಮತ್ತು ಲಾತೂರ ಎರಡೂ ಜಿಲ್ಲೆಯ ಪೊಲೀಸ್ ಕಂಟ್ರೋಲ್ ರೂಮಿನ ನಂಬರ್ ಹುಡುಕಿ ಶಾಲೆಯ ಗೋಡೆಯ ಮೇಲೆ ಪೇಂಟ್ ಮಾಡಿಸುತ್ತೇನೆಂದರು, ಕನ್ನಡ ಮರಾಠಿ ಎರಡರಲ್ಲೂ. ಪೇಂಟಿನ ಖರ್ಚು ಯಾವ ಲೆಕ್ಕದಲ್ಲಿ ಹಾಕಬೇಕೆಂಬುದಷ್ಟೇ ಅವರಿಗೆ ಬಗೆಹರಿದಿರಲಿಲ್ಲ.